ನೀಲಗಿರಿ ರೈಲು ಮತ್ತು ತೋಡರ ಹಳ್ಳಿ: ನಮ್ಮ ಕಡೆಯಿಂದ ಹೊರಡುವವರಿಗೆ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಊಟಿಗೆ ಹೋಗುವವರಲ್ಲಿ ಹೆಚ್ಚಿನವರು ಮೈಸೂರು, ಬಂಡೀಪುರದ ಹಾದಿಯಲ್ಲಿ ಊಟಿ ಸೇರಿ, ಅಲ್ಲಿಂದ ಕೂನೂರಿನವರೆಗೆ ರೈಲಿನಲ್ಲಿ ಹೋಗಿಬಂದು ತೃಪ್ತರಾಗುತ್ತಾರೆ. ಆದರೆ 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ರೈಲಿನ ನಿಜವಾದ ಸೊಗಸಿರುವುದು ಕೂನೂರಿನ ಕೆಳಗಿನ ಅರ್ಧದಲ್ಲಿ. ಆದ್ದರಿಂದ ಕೊಯಮತ್ತೂರಿನ ಮೂಲಕ ಮೆಟ್ಟುಪಾಳ್ಯಕ್ಕೆ ಹೋಗಿ, ಬೆಳಿಗ್ಗೆ 7 ಗಂಟೆಯ ಸುಮಾರಿಗೆ ಹೊರಡುವ ಗಾಡಿ ಹಿಡಿಯುವುದೇ ಸರಿ. ಬಂಡೀಪುರದ ಹಾದಿಯನ್ನು ಮರಳುವಾಗ ಹಿಡಿಯಬಹುದು.

ಬೆಟ್ಟದ ಬುಡದ ಕಲ್ಲಾರು ನಿಲ್ದಾಣ ದಾಟಿದೊಡನೆ, ಹನ್ನೆರಡು ಅಡಿ ಸಾಗಿದರೆ ಒಂದು ಅಡಿ ಮೇಲೇರುವಂಥ ಕಡಿದಾದ ಏರು ಆರಂಭವಾಗುತ್ತದೆ. ಹಬೆ ಎಂಜಿನ್ನಿನ ಹಲ್ಲುಗಾಲಿಯು ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಳ್ಳುತ್ತ, ಬೋಗಿಗಳನ್ನು ಹಿಂದಿನಿಂದ ತಳ್ಳುತ್ತ ಬೆಟ್ಟ ಹತ್ತಿಸುತ್ತದೆ. ಭಾರತದಲ್ಲಿ ಈ ಬಗೆಯ ರೈಲು ಬೇರೊಂದಿಲ್ಲ. ಎಂಜಿನ್ ಹಿಂದಿರುವುದರಿಂದ ಮೊದಲ ಬೋಗಿಯಲ್ಲಿ ಜಾಗ ಸಿಕ್ಕವರೇ ಪುಣ್ಯವಂತರು. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ ತೆರೆದ ಈ 46 ಕಿಲೋಮೀಟರ್ ಮಾರ್ಗದಲ್ಲಿ 16 ಸುರಂಗಗಳೂ 208 ತಿರುವುಗಳೂ ಇದ್ದು, ಏರಲು ಹೆಚ್ಚುಕಡಿಮೆ 5 ಗಂಟೆ ಬೇಕು. ಬೋಗಿಗಳು ಚಿಕ್ಕವು, ಕಾಲು ಚಾಚಲು ಜಾಗ ಕಡಿಮೆ. ಹಿಲ್‌ಗ್ರೋವ್‌ನಲ್ಲಿ ಎಂಜಿನ್ನಿಗೆ ನೀರು ತುಂಬಿಸುವಾಗ ಇಳಿದು ಚಹಾ ಕುಡಿಯಬಹುದು. ಊರಿನಿಂದ ಕಟ್ಟಿಕೊಂಡು ಹೋದ ಖಾರ ಮಂಡಕ್ಕಿಯನ್ನು ಮಾತ್ರ ಅಲ್ಲಿ ಬಿಚ್ಚಬಾರದು, ಕೋತಿಗಳ ಪಾಲಾಗುತ್ತದೆ. ಕೂನೂರಿನ ಮುಂದೆ ಕೇತಿ ಕಣಿವೆಯೊಂದನ್ನು ಬಿಟ್ಟರೆ ಪ್ರಯಾಣ ಸಪ್ಪೆ.

ಊಟಿಯ ಸಸ್ಯೋದ್ಯಾನದ ಮೇಲ್ಭಾಗದಲ್ಲಿ, ಎಮ್ಮೆ ಸಾಕುವ ನೀಲಗಿರಿಯ ಬುಡಕಟ್ಟು ಜನರಾದ ತೋಡರ ಹಳ್ಳಿಯಿದೆ. ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳೆಯ ಹಳ್ಳಿಯ ಬದುಕನ್ನು ಶಿಲ್ಪಗಳಲ್ಲಿ ಕಂಡಿರುವ ನಮ್ಮವರು ಇಲ್ಲೂ ಅಂಥದೇ ಪ್ರದರ್ಶನವನ್ನು ನಿರೀಕ್ಷಿಸಿದರೆ ನಿರಾಶರಾದಾರು, ಏಕೆಂದರೆ ಇದು ಜನ ವಾಸಿಸುವ ಊರು, ಮನೆಗಳೂ ಈಗ ಹೆಚ್ಚಾಗಿ ಸಿಮೆಂಟಿನವು. ಬಿದಿರನ್ನು ಕಮಾನಿನಂತೆ ಬಾಗಿಸಿ, ಬೆತ್ತದಿಂದ ಬಿಗಿದು, ಹುಲ್ಲು ಹೊದಿಸಿದ ಸಾಂಪ್ರದಾಯಿಕ ಗುಡಿಸಲು ಅಪರೂಪವಾಗಿದೆ. ಅದರ ಬಾಗಿಲಲ್ಲಿ ತೆವಳಿಯೇ ಒಳಹೋಗಬೇಕು. ಅದೇ ಆಕಾರದ ಗುಡಿಗಳು ಎಮ್ಮೆಯ ಹಾಲಿನ ವಿಧಿಗಳಿಗೆ ಮೀಸಲಾದ ಪವಿತ್ರ ಸ್ಥಳಗಳಾದ್ದರಿಂದ ದೂರದಿಂದಲೇ ನೋಡಬೇಕು. ಬಿಳಿ ಹತ್ತಿ ಬಟ್ಟೆಯ ಮೇಲೆ ಕೆಂಪು, ಕಪ್ಪು ದಾರಗಳಿಂದ ಹೆಂಗಸರು ಹಾಕುವ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕೊಳ್ಳುವುದಾದರೆ ಶಾಲನ್ನು ಅವರ ಕೈಯಿಂದಲೇ ಕೊಳ್ಳಿ, ಕೈಕೆಲಸವಾದ್ದರಿಂದ ಚೌಕಾಸಿ ಬೇಡ.

ರೈಲಿನ ಆಸನಗಳು ಬೇಗ ಭರ್ತಿಯಾಗುವುದರಿಂದ ಮುಂಗಡವಾಗಿ ಕಾಯ್ದಿರಿಸಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಮಳೆಯಲ್ಲಿ ಹಳಿಗಳ ಮೇಲೆ ಮಣ್ಣು ಕುಸಿದು ಸಂಚಾರ ರದ್ದಾಗುವುದುಂಟಾದ್ದರಿಂದ, ದಸರಾ ರಜೆಗಿಂತ ಬೇಸಿಗೆ ರಜೆಯಲ್ಲಿ ಹೋಗುವುದು ಕ್ಷೇಮ.