ಸೋಲಾರ್ ಇನ್ವರ್ಟರ್ ಮತ್ತು ಬ್ಯಾಟರಿ: ವಿಜಯಪುರದ ಬೇಸಿಗೆ ತಡೆದುಕೊಂಡಿತಾ?

ಬರೀ ಬಿಲ್ ಉಳಿಸಲು ಅಂತ ಬ್ಯಾಟರಿ ಸಮೇತ ಸೋಲಾರ್ ಹಾಕಿಸುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ನಮ್ಮ ಮನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟುವುದೇ ಕಡಿಮೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಆ ಬಿಲ್ಲೂ ಸೊನ್ನೆ. ಸೊನ್ನೆಯಲ್ಲಿ ಇನ್ನೇನು ಉಳಿಸುವುದು? ಮಾರುವವರು ಐದು ವರ್ಷದಲ್ಲಿ ದುಡ್ಡು ವಾಪಸ್ ಅಂತ ಚೀಟಿಯಲ್ಲಿ ಲೆಕ್ಕ ಬರೆದು ಕೊಡುತ್ತಾರಲ್ಲ, ಆ ಲೆಕ್ಕದಲ್ಲಿ ಇದೂ ಇರುವುದಿಲ್ಲ, ಬ್ಯಾಟರಿ ಬದಲಿಸುವ ಖರ್ಚೂ ಇರುವುದಿಲ್ಲ. ಹಾಗಂತ ಈಗ ಯಾರಾದರೂ ಬಂದು ನಮ್ಮ ಮನೆಯ ಸೋಲಾರನ್ನು ಬಿಚ್ಚಿಕೊಂಡು ಹೋಗುತ್ತೇವೆ ಅಂದರೆ ಮನೆಯಲ್ಲಿ ಒಬ್ಬರೂ ಒಪ್ಪುವುದಿಲ್ಲ. ಏಪ್ರಿಲ್, ಮೇ ರಾತ್ರಿ ಇಲ್ಲಿ ಫ್ಯಾನ್ ನಿಂತರೆ ಏನಾಗುತ್ತದೆ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಕಿಸಿದ್ದು 2022ರಲ್ಲಿ. 540 ವ್ಯಾಟ್‌ನ ಆರು ಮೋನೋ ಪ್ಯಾನೆಲ್, ಆರೂ ಒಂದೇ ಸೀರೀಸ್‌ನಲ್ಲಿ. 24 ವೋಲ್ಟಿನ ಎಂಪಿಪಿಟಿ ಇನ್ವರ್ಟರ್, ಅಂದರೆ ಪ್ಯಾನೆಲ್‌ನಿಂದ ಆದಷ್ಟು ಹೆಚ್ಚು ಪವರ್ ಎಳೆಯುವಂಥದ್ದು. 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್, ಅಂದರೆ ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ ನಾಲ್ಕು, ಆಮೇಲೆ ಅವು ಹೋಗಿ ಲಿಥಿಯಂ ಬಂತು, ಅದರ ಕಥೆ ಮುಂದೆ ಇದೆ. ಎಲ್ಲ ಸೇರಿ ಎರಡೂವರೆ ಲಕ್ಷದ ಆಸುಪಾಸು. ಇನ್ವರ್ಟರನ್ನು ಹೈಬ್ರಿಡ್ ಅಂತ ಹೇಳಿಯೇ ಮಾರಿದರು. ಆದರೆ ಇದು ಲೈನಿಗೆ ಒಂದು ಯೂನಿಟ್ಟೂ ವಾಪಸ್ ಕೊಡುವುದಿಲ್ಲ, ಬೇಕಾದಾಗ ಲೈನಿನಿಂದ ತಗೊಳ್ಳುತ್ತದೆ ಅಷ್ಟೇ. ಕಂಪನಿ ಹೆಸರು ಹಾಕುತ್ತಿಲ್ಲ, ಹಾಕಿ ಉಪಯೋಗವೂ ಇಲ್ಲ. ಈ ಜಾತಿಯ ಇನ್ವರ್ಟರ್‌ಗಳ ಮೆನು ಸುಮಾರು ಬ್ರ್ಯಾಂಡ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ, ಮೇಲಿನ ಸ್ಟಿಕರ್ ಬೇರೆ.

ಮಷೀನು ತಾನಾಗಿ ಕೆಟ್ಟಿದ್ದು ಬಹಳ ಕಡಿಮೆ. ತೊಂದರೆ ಬಂದಿದ್ದೆಲ್ಲ ಎರಡು ಕಡೆಯಿಂದ. ಒಂದು, ಕಂಪನಿಯಿಂದ ಬಂದ ಸೆಟ್ಟಿಂಗನ್ನು ಹಾಗೇ ಬಿಟ್ಟು ಹೋಗಿದ್ದು. ಇನ್ನೊಂದು, ಕೂಡಿಸಿದ ರೀತಿ. ಆ ಸೆಟ್ಟಿಂಗ್ ನಮ್ಮ ಊರಿನ ಬಿಸಿಲಿಗೂ ಸರಿಯಲ್ಲ, ನಮ್ಮ ಓಣಿಯ ವೋಲ್ಟೇಜಿಗೂ ಸರಿಯಲ್ಲ.

ವೋಲ್ಟೇಜಿನದೇ ಮೊದಲು ಹೇಳುತ್ತೇನೆ. ಬೇಸಿಗೆ ಸಂಜೆ ಏಳರ ಮೇಲೆ ಎಲ್ಲರ ಕೂಲರು, ಎಸಿ ಶುರುವಾಗುತ್ತವೆ. ನಮ್ಮ ಮನೆ ಟ್ರಾನ್ಸ್‌ಫಾರ್ಮರ್‌ನಿಂದ ಕಡೆಯ ಕಂಬದಲ್ಲಿ. ಕೂಡಗಿಯ 2400 ಮೆಗಾವ್ಯಾಟ್ ಉಷ್ಣ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದೆ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಜಲವಿದ್ಯುತ್ ಇದೆ, ಆದರೆ ಕಡೆಯ ಕಂಬದ ಮನೆಗೆ ಅದರಿಂದೇನು? ತಂತಿ ಉದ್ದ ಇದ್ದಷ್ಟೂ, ಲೋಡು ಜಾಸ್ತಿ ಆದಷ್ಟೂ ವೋಲ್ಟೇಜು ಬೀಳುತ್ತದೆ. ಇನ್ವರ್ಟರ್ ಡಿಸ್‌ಪ್ಲೇನಲ್ಲಿ 172, 168, 171 ಅಂತ ಕುಣಿಯುತ್ತಿರುತ್ತದೆ, ಒಳಗೆ ರಿಲೇ ಟಕ್, ಟಕ್ ಅನ್ನುತ್ತಿರುತ್ತದೆ. ಲೈನಿಗೆ ಹೋಗುತ್ತದೆ, ಬ್ಯಾಟರಿಗೆ ಬರುತ್ತದೆ, ಮತ್ತೆ ಲೈನಿಗೆ. ಕೊನೆಗೆ ಬ್ಯಾಟರಿಯಲ್ಲೇ ಕೂತುಬಿಡುತ್ತದೆ. ರಾತ್ರಿ ಹತ್ತಕ್ಕೆ ನಿಜವಾಗಿ ಕರೆಂಟು ಹೋಗುವ ಹೊತ್ತಿಗೆ ಬ್ಯಾಟರಿ ಅರ್ಧ ಖಾಲಿ. ಬ್ಯಾಟರಿ ಬ್ಯಾಕಪ್ ಕೊಡುತ್ತಿಲ್ಲ ಅಂತ ದೂರು ಹೇಳುವ ಎಷ್ಟೋ ಜನರ ಮನೆಯಲ್ಲಿ ನಡೆಯುತ್ತಿರುವುದು ಇದೇ.

ಕಾರಣ ಮೆನುವಿನಲ್ಲಿದೆ. ಎಸಿ ಇನ್‌ಪುಟ್ ರೇಂಜ್ ಅಂತ ಒಂದು ಆಯ್ಕೆ ಇರುತ್ತದೆ. ನನ್ನದರಲ್ಲಿ ಯುಪಿಎಸ್ ಅಂತ ಇಟ್ಟರೆ 170ರಿಂದ 280 ವೋಲ್ಟ್ ಒಳಗಿದ್ದರೆ ಮಾತ್ರ ಲೈನ್ ಒಪ್ಪಿಕೊಳ್ಳುತ್ತದೆ, ಅಪ್ಲಯನ್ಸ್ ಅಂತ ಇಟ್ಟರೆ 90ರವರೆಗೂ ಒಪ್ಪುತ್ತದೆ. ಕೂಡಿಸಲು ಬಂದ ಹುಡುಗರು ಯುಪಿಎಸ್‌ನಲ್ಲೇ ಬಿಟ್ಟು ಹೋಗಿದ್ದರು. ಬದಲಿಸಿದ ದಿನದಿಂದ ಟಕ್ ಟಕ್ ನಿಂತಿತು, ಬ್ಯಾಟರಿ ರಾತ್ರಿಗೆ ಉಳಿಯಿತು. ಆದರೆ ಇದರಲ್ಲೂ ಒಂದು ಒಳಗುಟ್ಟು ಇದೆ, ಅದನ್ನು ಯಾರೂ ಹೇಳುವುದಿಲ್ಲ: ಲೈನ್ ಮೋಡಿನಲ್ಲಿ ಇಂಥ ಇನ್ವರ್ಟರ್ ಬಂದ ವೋಲ್ಟೇಜನ್ನು ಹಾಗೇ ಮುಂದಕ್ಕೆ ದಾಟಿಸುತ್ತದೆ. ಹೊರಗೆ 165 ಇದ್ದರೆ ಫ್ರಿಜ್ಜಿಗೂ 165ರ ಹತ್ತಿರವೇ. ಕಂಪ್ರೆಸರ್ ಏಳಲಾರದೆ ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ. ಹಾಗಾಗಿ ಫ್ರಿಜ್ಜಿಗೆ ಸ್ಟೆಬಿಲೈಜರ್ ಬೇಕೇ ಬೇಕು. ಇನ್ನು ಅಪ್ಲಯನ್ಸ್ ಮೋಡಿನಲ್ಲಿ ಬ್ಯಾಟರಿಗೆ ಬದಲಾಗುವುದು ಸ್ವಲ್ಪ ನಿಧಾನ, ಸುಮಾರು 20 ಮಿಲಿಸೆಕೆಂಡು, ಕಣ್ಣಿಗೇನೂ ಕಾಣುವುದಿಲ್ಲ. ಟಿವಿ, ವೈಫೈಗೆ ಏನೂ ಆಗುವುದಿಲ್ಲ, ಹಳೆಯ ಡೆಸ್ಕ್‌ಟಾಪ್ ಇದ್ದರೆ ಒಮ್ಮೊಮ್ಮೆ ರೀಸ್ಟಾರ್ಟ್ ಆಗಬಹುದು.

ಇನ್ನು ಬಿಸಿಲು. ನಮ್ಮಲ್ಲಿ ಬಿಸಿಲಿಗೇನು ಬರ ಅಲ್ವಾ, ಮೇ ತಿಂಗಳಲ್ಲಿ ಪ್ಯಾನೆಲ್ ಭರ್ಜರಿ ಕೊಡಬೇಕು ಅಂತ ಎಲ್ಲರ ಲೆಕ್ಕ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಕಾವಲ್ಲ. ಡಬ್ಬಿಯ ಮೇಲೆ ಬರೆದ 540 ವ್ಯಾಟ್ ಅನ್ನುವುದು ಸೆಲ್ 25 ಡಿಗ್ರಿ ಇದ್ದಾಗಿನ ಮಾತು. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೆ ಹೆಚ್ಚುಕಡಿಮೆ 0.35 ಪರ್ಸೆಂಟ್ ಕಡಿತ. ಏಪ್ರಿಲ್ ಮಧ್ಯಾಹ್ನ ಸ್ಲ್ಯಾಬಿನ ಮೇಲೆ ಸೆಲ್ 65 ಡಿಗ್ರಿ ಮುಟ್ಟಿದರೆ ಅಲ್ಲಿಗೇ 14 ಪರ್ಸೆಂಟ್ ಹೋಯಿತು. ನನಗೆ ಒಳ್ಳೆಯ ಅಂಕಿ ಕಾಣುವುದು ಫೆಬ್ರುವರಿಯಲ್ಲಿ, ಇಲ್ಲವೇ ಮಳೆ ಬಂದು ಮೋಡ ಸರಿದು ಬಿಸಿಲು ಬಿದ್ದ ಆ ಸ್ವಲ್ಪ ಹೊತ್ತು. ಪ್ಯಾನೆಲ್ ಕೆಳಗೆ ಗಾಳಿ ಆಡಬೇಕು. ಸ್ಲ್ಯಾಬಿಗೆ ಅಂಟಿಸಿದ ಹಾಗೆ ಗಿಡ್ಡ ಸ್ಟ್ರಕ್ಚರ್ ಹಾಕಲು ಬಂದರೆ ಒಪ್ಪಬೇಡಿ. ದಕ್ಷಿಣಕ್ಕೆ ಮುಖ, 16–17 ಡಿಗ್ರಿ ಓರೆ, ವಿಜಯಪುರಕ್ಕೆ ಅಷ್ಟು ಸಾಕು.

ಪ್ಯಾನೆಲ್ ಕರೆಂಟೇ ಕೊಡುತ್ತಿಲ್ಲ, ಮಧ್ಯಾಹ್ನ ಹನ್ನೆರಡಕ್ಕೆ ಬರೀ 300 ವ್ಯಾಟ್ ತೋರಿಸುತ್ತಿದೆ ಅಂತ ಗಾಬರಿಯಾಗಿ ಫೋನ್ ಮಾಡುವವರು ತುಂಬಾ. ಬ್ಯಾಟರಿ ತುಂಬಿದೆಯಾ ನೋಡಿ ಮೊದಲು. ತುಂಬಿದ್ದರೆ, ಮನೆಯಲ್ಲಿ ಓಡುತ್ತಿರುವುದು ಎರಡು ಫ್ಯಾನ್, ಒಂದು ಫ್ರಿಜ್ ಆದರೆ, ಇನ್ವರ್ಟರ್ ಅಷ್ಟನ್ನೇ ಎಳೆದುಕೊಳ್ಳುತ್ತದೆ. ಲೈನಿಗೆ ವಾಪಸ್ ಕೊಡದ ಸಿಸ್ಟಮ್‌ನಲ್ಲಿ ಮಿಕ್ಕಿದ್ದು ಹೋಗಲು ದಾರಿಯೇ ಇಲ್ಲ. ಇಸ್ತ್ರಿ ಪೆಟ್ಟಿಗೆ ಹಚ್ಚಿ ನೋಡಿ, ಅಂಕಿ ಕೂಡಲೇ ಸಾವಿರ ದಾಟುತ್ತದೆ. ದಾಟದಿದ್ದರೆ ಆಗ ಪ್ಯಾನೆಲ್ ಕಡೆ ಹೋಗಿ. ನಮ್ಮಲ್ಲಿ ಈಗ ವಾಷಿಂಗ್ ಮಷೀನು, ಗಿರಣಿ, ಮೇಲಿನ ಟ್ಯಾಂಕಿನ ಅರ್ಧ ಎಚ್‌ಪಿ ಮೋಟರು, ಎಲ್ಲ ಹನ್ನೊಂದರಿಂದ ಮೂರರ ಒಳಗೇ. ಬೋರಿನ ಮೋಟರನ್ನು ಮಾತ್ರ ಇದರ ಮೇಲೆ ಹಾಕಬೇಡಿ. ಓಡುವಾಗ ಒಂದೂಕಾಲು ಕಿಲೋವ್ಯಾಟ್ ತಿನ್ನುವ ಮೋಟರು ಎದ್ದೇಳುವಾಗ ಅದರ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಇನ್ವರ್ಟರ್ ಓವರ್‌ಲೋಡ್ ಅಂತ ಕೂಗಿ ಮಲಗುತ್ತದೆ.

ಬ್ಯಾಟರಿಗೆ ಬಂದೆ. ನಾಲ್ಕು ಟ್ಯೂಬುಲರ್ ಬ್ಯಾಟರಿಗಳನ್ನು ಮೆಟ್ಟಿಲ ಮೇಲಿನ ತಗಡಿನ ಕೋಣೆಯಲ್ಲಿ ಕೂಡಿಸಿದ್ದರು. ಪ್ಯಾನೆಲ್‌ಗೆ ಹತ್ತಿರ, ಕೇಬಲ್ ಉಳಿಯುತ್ತದೆ ಅಂತ. ಸಿಸ್ಟಮ್‌ಗೆ ಇದಕ್ಕಿಂತ ದೊಡ್ಡ ದ್ರೋಹ ಇನ್ನೊಂದಿಲ್ಲ. ಲೆಡ್ ಆಸಿಡ್ ಬ್ಯಾಟರಿಯ ಕಾವು ಹತ್ತು ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದು ಸಾಲದ್ದಕ್ಕೆ ಚಾರ್ಜಿಂಗ್ ವೋಲ್ಟೇಜು ಕೂಡ ಕಾವಿಗೆ ತಕ್ಕಂತೆ ಇಳಿಯಬೇಕು, ಪ್ರತಿ ಸೆಲ್‌ಗೆ ಡಿಗ್ರಿಗೆ ನಾಲ್ಕು ಮಿಲಿವೋಲ್ಟ್ ಲೆಕ್ಕ. 24 ವೋಲ್ಟ್ ಅಂದರೆ 12 ಸೆಲ್, ಕೋಣೆ 40 ಡಿಗ್ರಿ ಇದ್ದರೆ ಮುಕ್ಕಾಲು ವೋಲ್ಟಿನಷ್ಟು ಕಡಿಮೆ ಇಡಬೇಕು. ನನ್ನ ಇನ್ವರ್ಟರ್‌ಗೆ ಕಾವು ತಿಳಿಯುವ ಸೆನ್ಸರೇ ಇಲ್ಲ. ಹಾಗಾಗಿ ಬೇಸಿಗೆಯಲ್ಲಿ ದಿನಾ ಕುದಿಸಿದ್ದೇ ಕುದಿಸಿದ್ದು, ನೀರು ಹಾಕಿದಷ್ಟೂ ಖಾಲಿ. ಹೊಸದಾಗಿ ಹಾಕಿಸುವವರು ಬ್ಯಾಟರಿಯನ್ನು ಕೆಳಗಿನ ಕೋಣೆಯಲ್ಲೇ ಇಡಿಸಿ, ನಾಲ್ಕು ಮೀಟರ್ ಕೇಬಲ್ ಜಾಸ್ತಿ ಆದರೆ ಆಗಲಿ, ಆದರೆ ಆ ಜಾಸ್ತಿ ಉದ್ದ ಪ್ಯಾನೆಲ್ ಕಡೆ ಇರಲಿ, ಬ್ಯಾಟರಿ ಕಡೆ ಬೇಡ. ಮಾರ್ಚ್ ಬಂದ ಕೂಡಲೇ ಬಲ್ಕ್ (ತುಂಬಿಸುವಾಗಿನ ವೋಲ್ಟೇಜು), ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜು) ಎರಡನ್ನೂ ಇಳಿಸಿ, ಮಳೆಗಾಲದಲ್ಲಿ ಏರಿಸಿ. ನೀರು ಡಿಸ್ಟಿಲ್ಡ್ ಮಾತ್ರ. ಆರ್‌ಒ ನೀರು ಸ್ವಚ್ಛ ಇರಬಹುದು, ಡಿಸ್ಟಿಲ್ಡ್ ಅಲ್ಲ. ಬೋರಿನ ಗಡಸು ನೀರಂತೂ ಹತ್ತಿರ ತರಬೇಡಿ.

ಎರಡನೇ ಬೇಸಿಗೆಗೇ ಬ್ಯಾಕಪ್ ಕುಸಿಯಿತು. ರಿಪೇರಿಗೆ ಬಂದವನು ನೋಡಿದ ಕೂಡಲೇ 'ಸರ, ಬ್ಯಾಟರಿ ಹೋಗ್ಯಾವ, ನಾಕೂ ಹೊಸಾವ್ ಹಾಕ್ರಿ' ಅಂದ. ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿದರೆ ಬೇರೆಯೇ ಕಂಡಿತು, ಅಂಕಿ ಕಡಿಮೆ ಅಂದರೆ ಚಾರ್ಜ್ ಕಡಿಮೆ. ಒಂದು ಜೋಡಿ 1240, ಇನ್ನೊಂದು ಜೋಡಿ 1190. ಎರಡೂ ಜೋಡಿ ಪ್ಯಾರಲಲ್ ಇದ್ದವು, ಆದರೆ ಇನ್ವರ್ಟರ್‌ಗೆ ಹೋಗುವ ಪ್ಲಸ್, ಮೈನಸ್ ಎರಡೂ ಕೇಬಲ್ ಒಂದೇ ಜೋಡಿಯಿಂದ ಹೊರಟಿದ್ದವು. ದೂರದ ಜೋಡಿಗೆ ಚಾರ್ಜ್ ಯಾವಾಗಲೂ ಅರೆಹೊಟ್ಟೆ. ಪ್ಲಸ್ ಒಂದು ಜೋಡಿಯಿಂದ, ಮೈನಸ್ ಇನ್ನೊಂದು ಜೋಡಿಯಿಂದ ತೆಗೆದರೆ ಎರಡಕ್ಕೂ ದಾರಿ ಸಮ. ಇನ್ನೊಂದು ವಿಷಯ, ಒಂದು ಕೇಬಲ್ ತುದಿಯ ಲಗ್ಗಿನ (ಟರ್ಮಿನಲ್‌ಗೆ ಬಿಗಿಯುವ ಲೋಹದ ಬಳೆ) ಮೇಲಿನ ಕೆಂಪು ತೋಳು ಕಂದು ಬಣ್ಣಕ್ಕೆ ತಿರುಗಿತ್ತು, ಕೆಳಗೆ ಬಿಳಿ ಹುಡಿ. ಲೋಡು ಹಾಕಿ ಮಲ್ಟಿಮೀಟರಿನ ಒಂದು ಕಡ್ಡಿ ಟರ್ಮಿನಲ್‌ಗೆ, ಇನ್ನೊಂದು ಲಗ್ಗಿಗೆ ಹಿಡಿದರೆ ಅರ್ಧ ವೋಲ್ಟ್! ಅಲ್ಲಿ ಹೆಚ್ಚೆಂದರೆ ಕೆಲವು ಮಿಲಿವೋಲ್ಟ್ ಇರಬೇಕು. ಆ ಅರ್ಧ ವೋಲ್ಟನ್ನು ಇನ್ವರ್ಟರ್ ಬ್ಯಾಟರಿ ಖಾಲಿ ಅಂತ ಓದುತ್ತಿತ್ತು. ಬಿಚ್ಚಿ, ಬಿಸಿನೀರು ಸೋಡಾದಿಂದ ತೊಳೆದು, ಹೊಸ ಲಗ್ ಒತ್ತಿಸಿ, ಮೇಲೆ ವ್ಯಾಸಲೀನ್ ಸವರಿದ್ದಾಯಿತು. ಆ ನಾಲ್ಕು ಬ್ಯಾಟರಿ ಇನ್ನೂ ಒಂದು ವರ್ಷ ನಡೆದವು. ಹೊಸ ಬ್ಯಾಟರಿಗೆ ದುಡ್ಡು ತೆಗೆಯುವ ಮೊದಲು ಈ ಎರಡು ಪರೀಕ್ಷೆ ಮಾಡಿಸಿ.

ಆಮೇಲೆ ಬಂದದ್ದು 25.6 ವೋಲ್ಟ್ 200 ಎಎಚ್ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಐದು ಯೂನಿಟ್ಟು. ನಾಲ್ಕು ಟ್ಯೂಬುಲರ್‌ನ ಲೆಕ್ಕ ಏಳು ಯೂನಿಟ್ಟಿನದು, ಆದರೆ ಅರ್ಧಕ್ಕಿಂತ ಜಾಸ್ತಿ ಬಳಸಿದರೆ ಬಾಳುವುದಿಲ್ಲ. ಇದರಲ್ಲಿ ನಾಲ್ಕೂ ಚಿಲ್ಲರೆ ಧಾರಾಳವಾಗಿ ಬಳಸಬಹುದು. ನೀರಿಲ್ಲ, ವಾಸನೆ ಇಲ್ಲ, ಗೋಡೆಗೆ ನೇತು ಹಾಕಿದ್ದೇವೆ. ಆದರೆ ಹಳೇ ಸೆಟ್ಟಿಂಗ್‌ನಲ್ಲೇ ಸುಮ್ನೆ ಜೋಡಿಸಿ ಹೋಗುವವರಿದ್ದಾರೆ, ಹುಷಾರು. ಈಕ್ವಲೈಜೇಶನ್ (ಲೆಡ್ ಆಸಿಡ್‌ಗೆ ಆಗಾಗ ಕೊಡುವ ಹೆಚ್ಚು ವೋಲ್ಟೇಜಿನ ಚಾರ್ಜ್) ಆಫ್ ಇರಲೇಬೇಕು. ನಾನು ಚಾರ್ಜ್ 28.2, ಫ್ಲೋಟ್ 27, ಕಟ್‌ಆಫ್ 24ಕ್ಕೆ ಇಟ್ಟಿದ್ದೇನೆ. ಇನ್ನೊಂದು ವಿಷಯ, ಲಿಥಿಯಂನ ವೋಲ್ಟೇಜು ಬಹುಪಾಲು ಹೊತ್ತು ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಬಿಎಂಎಸ್‌ನ (ಬ್ಯಾಟರಿಯೊಳಗೆ ಸೆಲ್‌ಗಳನ್ನು ನೋಡಿಕೊಳ್ಳುವ ಬೋರ್ಡು) ಡೇಟಾ ಕೇಬಲ್ ಹಾಕದೆ ಬರೀ ವೋಲ್ಟೇಜು ನೋಡಿ ಇನ್ವರ್ಟರ್ ತೋರಿಸುವ ಪರ್ಸೆಂಟನ್ನು ನಂಬಬೇಡಿ, 60 ಇದ್ದದ್ದು ಇದ್ದಕ್ಕಿದ್ದಂತೆ ಕಟ್ ಆಗುತ್ತದೆ. ವಾರಕ್ಕೊಮ್ಮೆಯಾದರೂ ಪೂರ್ತಿ ತುಂಬಲು ಬಿಡಿ, ಸೆಲ್‌ಗಳು ಸಮ ಆಗುವುದು ಆಗಲೇ.

ಎಲ್ಲಕ್ಕಿಂತ ಸಿಟ್ಟು ಬಂದದ್ದು ಪ್ಯಾನೆಲ್ ಕಡೆಯ ಡಬ್ಬಿ ತೆರೆಸಿದಾಗ. ಒಳಗೆ ಮನೆ ಬಳಕೆಯ ಸಾದಾ ಎಸಿ ಎಂಸಿಬಿ! ನಮ್ಮ ಲೈನ್ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ, ಹಾಗಾಗಿ ಎಂಸಿಬಿ ಬಿಟ್ಟಾಗ ಒಳಗಿನ ಕಿಡಿ ಆರುತ್ತದೆ. ಆರು ಪ್ಯಾನೆಲ್ ಸೀರೀಸ್ ಅಂದರೆ 300 ವೋಲ್ಟಿನ ಹತ್ತಿರ ಡಿಸಿ, ಅದು ಸೊನ್ನೆಗೆ ಬರುವುದೇ ಇಲ್ಲ. ಕಿಡಿ ಹಾಗೇ ಉರಿಯುತ್ತ ನಿಂತರೆ ಡಬ್ಬಿ ಕರಗುತ್ತದೆ. ಡಿಸಿ ಎಂದು ಬರೆದಿರುವ ಎಂಸಿಬಿ, ಡಿಸಿ ಎಸ್‌ಪಿಡಿ (ಸಿಡಿಲಿನಂಥದ್ದರಿಂದ ಏರುವ ವೋಲ್ಟೇಜು ತಡೆಯುವ ಸಾಧನ) ಹಾಕಿದ್ದಾರಾ ಅಂತ ನಿಮ್ಮ ಕಣ್ಣಿನಿಂದ ನೋಡಿ. ಪ್ಯಾನೆಲ್ ಕೇಬಲ್ ಜೋಡಿಸುವ ಎಂಸಿ4 ಕನೆಕ್ಟರ್‌ಗಳು ಒಂದೇ ಕಂಪನಿಯವಿರಲಿ, ಕ್ರಿಂಪಿಂಗ್ ಉಪಕರಣದಿಂದ ಒತ್ತಿರಲಿ. ಇಕ್ಕಳದಿಂದ ಒತ್ತಿದ್ದು ಒಂದಿಲ್ಲೊಂದು ದಿನ ಸುಡುತ್ತದೆ.

ನ್ಯೂಟ್ರಲ್ ಬಗ್ಗೆ ಎರಡೇ ಮಾತು. ಇನ್ವರ್ಟರ್ ಲೈನಿನ ನ್ಯೂಟ್ರಲ್ ಬೇರೆ, ನೇರ ಲೈನಿನದು ಬೇರೆ ಇರಬೇಕು. ಹಳೇ ಮನೆಗಳಲ್ಲಿ ಎರಡೂ ಎಲ್ಲೋ ಒಂದು ಜಂಕ್ಷನ್ ಡಬ್ಬಿಯಲ್ಲಿ ಕೂಡಿರುತ್ತವೆ, ಆಗ ಕರೆಂಟು ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಕಾರಣವಿಲ್ಲದೆ ಬೀಳುತ್ತಿರುತ್ತದೆ, ಜನ ಇನ್ವರ್ಟರನ್ನು ಬೈಯುತ್ತಾರೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಿ, ಗರಸು ನೆಲ ಒಣಗಿದರೆ ಅರ್ಥಿಂಗ್ ಇದ್ದೂ ಇಲ್ಲದಂತೆ.

ಧೂಳು ಇಲ್ಲಿ ದೊಡ್ಡ ತಲೆನೋವು, ಅದರಲ್ಲೂ ಜೋಳದ ರಾಶಿ ಕಾಲದಲ್ಲಿ. ಬೆಳಗ್ಗೆ ಬಿಸಿಲೇರುವ ಮೊದಲೇ ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ. ಬೋರಿನ ನೀರಿನಲ್ಲಿ ತೊಳೆದರೆ ಬಿಳಿ ಕಲೆ ಕಟ್ಟಿ ಧೂಳಿಗಿಂತ ಅದೇ ಕಷ್ಟವಾಗುತ್ತದೆ, ನಲ್ಲಿಯಲ್ಲಿ ಹೊಳೆ ನೀರು ಬಂದ ದಿನ ನಾಲ್ಕು ಬಕೆಟ್ ತೆಗೆದಿಟ್ಟುಕೊಳ್ಳಿ.

ಈಗ ಹಾಕಿಸುವವರ ಸ್ಥಿತಿ ನನಗಿಂತ ಬೇರೆ. 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಬಂದಿದೆ, ಒಂದು ಕಿಲೋವ್ಯಾಟಿಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಮತ್ತು ಮೇಲಿನದಕ್ಕೆ 78 ಸಾವಿರ ಸಬ್ಸಿಡಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿಯೂ 12ರಿಂದ 5ಕ್ಕೆ ಇಳಿದಿದೆ. ಆದರೆ ಸಬ್ಸಿಡಿ ಸಿಗುವುದು ಗ್ರಿಡ್‌ಗೆ ಜೋಡಿಸಿದ ಸಿಸ್ಟಮ್‌ಗೆ, ನನ್ನಂಥದ್ದಕ್ಕೆ ಅಲ್ಲ. ಮತ್ತೆ ಬ್ಯಾಟರಿ ಇಲ್ಲದ ಬರೀ ಆನ್‌ಗ್ರಿಡ್ ಹಾಕಿಸಿದರೆ ಕರೆಂಟು ಹೋದ ಕೂಡಲೇ ಮಟಮಟ ಮಧ್ಯಾಹ್ನದಲ್ಲೂ ಅದು ಬಂದ್ ಆಗುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಮಾರುವಾಗ ಇದನ್ನು ಹೇಳುವವರು ಕಡಿಮೆ. ಸಬ್ಸಿಡಿ, ಬ್ಯಾಕಪ್ ಎರಡೂ ಬೇಕಿದ್ದರೆ ಲೈನಿಗೆ ಕೊಟ್ಟದ್ದನ್ನೂ ಎಣಿಸುವ ನೆಟ್ ಮೀಟರ್ ಜೊತೆ ಕೆಲಸ ಮಾಡುವ ನಿಜವಾದ ಹೈಬ್ರಿಡ್ ಕೇಳಿ. ಬ್ಯಾಕಪ್ ಲೈನಿನಲ್ಲಿ ಎಷ್ಟು ಕಿಲೋವ್ಯಾಟ್ ಎಳೆಯಬಹುದು, 170 ವೋಲ್ಟ್ ಕೆಳಗೆ ಅದು ಏನು ಮಾಡುತ್ತದೆ, ಎರಡನ್ನೂ ಕೊಟೇಶನ್ ಮೇಲೆ ಬರೆಸಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ.