ಜ್ಯೂರಿಕ್‌ನ ಹಳೇ ಚರ್ಚ್‌ಗಳು: ಬೆಳಕು ನೋಡ್ಕೊಂಡು ಹೋಗಿ

ಜ್ಯೂರಿಕ್‌ಗೆ ಬರೋರು ಸಾಮಾನ್ಯವಾಗಿ ಲೇಕ್ ನೋಡಿ, ಅಂಗಡಿ ಬೀದಿ ಸುತ್ತಿ, ಮಾರನೇ ದಿನ ಬೆಟ್ಟದ ಕಡೆ ಟ್ರೈನ್ ಹತ್ತಿಬಿಡ್ತಾರೆ. ನನ್ನ ಕೇಳಿದ್ರೆ ಒಂದಿಡೀ ದಿನ ಹಳೇ ಊರಿಗೇ ಇಟ್ಕೊಳ್ಳಿ, ಅದ್ರಲ್ಲೂ ಲಿಮ್ಮಾಟ್ ನದಿಯ ಆಚೆ ಈಚೆ ಎದುರುಬದುರು ನಿಂತಿರೋ ಎರಡು ಚರ್ಚ್‌ಗಳಿಗೆ.

ಬೆಳಿಗ್ಗೆ ಫ್ರೌಮ್ಯುನ್‌ಸ್ಟರ್‌ಗೆ ಹೋಗಿ. 853ರಲ್ಲಿ ರಾಜ ಲುಡ್ವಿಗ್ ತನ್ನ ಮಗಳು ಹಿಲ್ಡೆಗಾರ್ಡ್‌ಗೋಸ್ಕರ ಶುರು ಮಾಡಿಸಿದ ಸನ್ಯಾಸಿನಿಯರ ಮಠದ ಚರ್ಚ್ ಆಗಿತ್ತು ಇದು. ಟಿಕೆಟ್ 5 ಫ್ರಾಂಕ್, ಆಡಿಯೋ ಗೈಡೂ ಅದ್ರಲ್ಲೇ ಬರುತ್ತೆ, ಆದ್ರೆ ಮೊದ್ಲು ಅದನ್ನ ಕಿವಿಗೆ ಹಾಕ್ಕೋಬೇಡಿ, ಸುಮ್ನೆ ಮುಂದಕ್ಕೆ ಹೋಗಿ ಕೂತ್ಕೊಳ್ಳಿ. ಅಲ್ಲಿ ಚಿತ್ರಕಾರ ಮಾರ್ಕ್ ಶಗಾಲ್ ಮಾಡಿದ ಐದು ಗಾಜಿನ ಕಿಟಕಿಗಳಿವೆ, 1970ರಲ್ಲಿ ಕೂರಿಸಿದ್ದು, ಆಗ ಅವ್ರಿಗೆ 80 ದಾಟಿತ್ತು! ಒಂದೊಂದಕ್ಕೂ ಒಂದು ಮುಖ್ಯ ಬಣ್ಣ, ಕೆಂಪು, ಹಸಿರು, ಹಳದಿ, ಮತ್ತೆ ಎರಡು ನೀಲಿ. ಬೈಬಲ್‌ನ ಯಾಕೋಬನ ಕಥೆಯಿರೋ ನೀಲಿ ಕಿಟಕಿಯಲ್ಲಿ ಏಣಿ ಮೇಲೆ ದೇವದೂತರು ಹತ್ತಿ ಇಳಿಯೋದು ಮೊದ್ಲು ಕಾಣಲ್ಲ, ಬರೀ ನೀಲಿ ಅಷ್ಟೇ, ಸ್ವಲ್ಪ ಹೊತ್ತು ನೋಡ್ತಾ ಇದ್ರೆ ಒಬ್ಬೊಬ್ರಾಗಿ ಕಾಣ್ತಾ ಹೋಗ್ತಾರೆ. ನಂಗಂತೂ ಎದ್ದು ಬರೋಕೆ ಮನಸ್ಸೇ ಬರ್ಲಿಲ್ಲ.

ಸೇತುವೆ ದಾಟಿದ್ರೆ ಗ್ರೋಸ್‌ಮ್ಯುನ್‌ಸ್ಟರ್, ಜೋಡಿ ಗೋಪುರದ್ದು. ಒಳಗೆ ಹೋಗೋಕೆ ದುಡ್ಡಿಲ್ಲ, ಗೋಪುರ ಹತ್ತೋದಾದ್ರೆ ಮಾತ್ರ ಕೊಡ್ಬೇಕು. 187 ಮೆಟ್ಲು, ಇಕ್ಕಟ್ಟು ದಾರಿ, ಮಂಡಿ ನೋವಿರೋರು ಬಿಟ್ಬಿಡಿ, ಆದ್ರೆ ಮೇಲಿಂದ ನದಿ, ಲೇಕು, ಹಳೇ ಊರಿನ ಮಾಡುಗಳು ಎಲ್ಲಾ ಒಟ್ಟಿಗೆ ಕಾಣುತ್ತೆ. ಒಳಗಡೆ ಗೋಡೆ ಎಲ್ಲಾ ಖಾಲಿ, ಏನಪ್ಪಾ ಇದು ಅನ್ಸುತ್ತೆ. 1519ರಿಂದ ಇಲ್ಲಿ ಪಾದ್ರಿಯಾಗಿದ್ದ ಜ್ವಿಂಗ್ಲಿ ಶುರು ಮಾಡಿದ ಪ್ರೊಟೆಸ್ಟೆಂಟ್ ಸುಧಾರಣೆಯಲ್ಲಿ ಊರಿನ ಚರ್ಚ್‌ಗಳಿಂದ ಚಿತ್ರ, ವಿಗ್ರಹ ಎಲ್ಲಾ ತೆಗೆದುಹಾಕಿದ್ರು. ಆ ಖಾಲಿತನ ಇರೋದ್ರಿಂದಲೇ ಕಿಟಕಿಗಳು ಇಷ್ಟು ಎದ್ದು ಕಾಣೋದು ಅಂತ ನಂಗನ್ಸುತ್ತೆ. 2009ರಲ್ಲಿ ಮುಗಿದ, ಜರ್ಮನ್ ಕಲಾವಿದ ಸಿಗ್ಮಾರ್ ಪೋಲ್ಕೆಯ ಹನ್ನೆರಡು ಕಿಟಕಿಗಳಲ್ಲಿ ಏಳು ಗಾಜಿನದೇ ಅಲ್ಲ, ಅಗೇಟ್ ಕಲ್ಲನ್ನ ತೆಳ್ಳಗೆ ಕೊಯ್ದು ಜೋಡಿಸಿರೋದು. ಹತ್ರ ಹೋಗಿ ನೋಡಿ, ಪ್ರತಿ ಬಿಲ್ಲೆಯಲ್ಲೂ ಈರುಳ್ಳಿ ಕೊಯ್ದಾಗ ಕಾಣೋ ಥರ ಸುತ್ತುಸುತ್ತು ಗೆರೆ, ಕಂದು, ಕೆಂಪು, ಹಸಿರು, ಒಂದರ ಹಾಗೆ ಇನ್ನೊಂದಿಲ್ಲ. ಇವು ಇರೋದು ಪಶ್ಚಿಮದ ಕಡೆ, ಹಾಗಾಗಿ ಬಿಸ್ಲಿರೋ ಮಧ್ಯಾಹ್ನನೇ ಹೋಗಿ, ಮೋಡ ಇದ್ರೆ ಅಷ್ಟು ಮಜಾ ಬರಲ್ಲ.

ಸೇಂಟ್ ಪೀಟರ್ ಚರ್ಚ್‌ನ ಗಡಿಯಾರ ದೊಡ್ಡದು, ಮುಖನೇ 8.7 ಮೀಟರ್ ಅಗಲ, ಹೊರಗಿಂದ ನೋಡಿದ್ರೆ ಸಾಕು. ಟೈಮ್ ಉಳಿದ್ರೆ ಮೇನ್ ಸ್ಟೇಷನ್ ಪಕ್ಕದಲ್ಲಿ ಲ್ಯಾಂಡೆಸ್‌ಮ್ಯೂಸಿಯಂ, ಅಂದ್ರೆ ಸ್ವಿಸ್ ನ್ಯಾಷನಲ್ ಮ್ಯೂಸಿಯಂ ಇದೆ, ಚರ್ಚ್‌ಗಳಲ್ಲಿದ್ದ ಹಳೇ ಮರದ ವಿಗ್ರಹಗಳನ್ನ ಅಲ್ಲಿ ಹತ್ರದಿಂದ ನೋಡ್ಬಹುದು, ಸೋಮವಾರ ಮಾತ್ರ ರಜೆ. ಭಾನುವಾರ ಬೆಳಿಗ್ಗೆ ಚರ್ಚ್‌ಗಳಲ್ಲಿ ಪ್ರಾರ್ಥನೆ ನಡೀತಿರುತ್ತೆ, ಅದು ಮುಗಿದ ಮೇಲೇ ನೋಡೋಕೆ ಹೋಗಿ.