ಹಳೇ ಡ್ರೈಯರಿನ ನೀರು ಆಚೆ ಹಾಕಲು ಯಾವ ದಾರಿ ವಾಸಿ?

ನಮ್ಮನೆಯಲ್ಲಿರುವುದು ಹಳೇ ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷೀನು. ಒಂದು ಕಡೆ ಒಗೆಯುವ ತೊಟ್ಟಿ, ಇನ್ನೊಂದು ಕಡೆ ಡ್ರೈಯರ್. ಒಗೆಯುವ ಕಡೆ ಇನ್ನೂ ಗಟ್ಟಿಮುಟ್ಟು. ತಕರಾರೆಲ್ಲ ಡ್ರೈಯರಿನದೇ. ಬಟ್ಟೆಯಿಂದ ಹಿಂಡಿದ ನೀರು ಪೂರ್ತಿ ಹೊರಗೆ ಹೋಗದೆ ತಳದಲ್ಲೇ ನಿಲ್ಲುತ್ತಿತ್ತು. ಬಾಡಿಗೆ ಮನೆ, ಯುಟಿಲಿಟಿ ಅಂತ ಬೇರೆ ಜಾಗ ಇಲ್ಲ. ಮಷೀನು ಬಾತ್‌ರೂಮಿನ ಬಾಗಿಲ ಪಕ್ಕ ಗೋಡೆಗೆ ಒತ್ತಿಕೊಂಡು ನಿಂತಿದೆ. ಅಲ್ಲಿಂದ ನೀರನ್ನು ಒಳಗಿನ ಜಾಲರಿಗೆ ಮುಟ್ಟಿಸಲು ಬೇರೆ ಬೇರೆ ದಾರಿ ಹಿಡಿದು ನೋಡಿದೆವು.

ಮೊದಲು ಮಷೀನಿನ ಒಳಗಿನ ಸಂಗತಿ ಗೊತ್ತಿರಬೇಕು, ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ. ಇಂಥ ಮಷೀನುಗಳಲ್ಲಿ ಸಾಮಾನ್ಯವಾಗಿ ನೀರು ಹೊರಹಾಕುವ ಪಂಪ್ ಇರುವುದಿಲ್ಲ. ನೀರು ತನ್ನ ಪಾಡಿಗೆ ಇಳಿಜಾರಿನಲ್ಲಿ ಹೋಗಬೇಕು. ಒಗೆಯುವ ತೊಟ್ಟಿಗೆ ಗುಂಡಿ ತಿರುಗಿಸಿದರೆ ತೆರೆಯುವ ವಾಲ್ವ್ ಇದೆ. ಡ್ರೈಯರಿಗೆ ಅದೂ ಇಲ್ಲ, ಅದರ ತಳ ಸದಾ ತೆರೆದೇ ಇರುತ್ತದೆ. ಎರಡೂ ಕಡೆಯ ನೀರು ಮುಂದೆ ಒಂದೇ ಪೈಪಿಗೆ ಸೇರುತ್ತದೆ. ಒಗೆದ ನೀರು ತೊಟ್ಟಿ ತುಂಬ ಇರುತ್ತದಲ್ಲ, ಆ ಎತ್ತರದ ಒತ್ತಡಕ್ಕೆ ಪೈಪು ಸ್ವಲ್ಪ ಮೇಲೆ ಹತ್ತಿಳಿದರೂ ನುಗ್ಗಿಕೊಂಡು ಹೋಗುತ್ತದೆ. ಡ್ರೈಯರಿನ ತಳದಲ್ಲಿ ಇರುವುದು ಬೆರಳುದ್ದದ ನೀರು. ಅದಕ್ಕೆ ಅಷ್ಟು ತಾಕತ್ತಿಲ್ಲ. ಪೈಪು ಎಲ್ಲಾದರೂ ಒಂದು ಕಡೆ ಮೇಲೆದ್ದಿದ್ದರೆ ಸಾಕು, ನಿಂತುಬಿಡುತ್ತದೆ.

ಪೈಪನ್ನು ನೆಲದ ಮೇಲೆ ಹಾಸಿ ನೇರವಾಗಿ ಜಾಲರಿಗೆ ಬಿಡುವುದು ಎಲ್ಲರೂ ಮಾಡುವ ಕೆಲಸ. ಖರ್ಚಿಲ್ಲ, ಮಷೀನು ಮತ್ತು ಬಚ್ಚಲು ಒಂದೇ ನೆಲದಲ್ಲಿದ್ದರೆ ಇದಕ್ಕಿಂತ ಬೇರೆ ಬೇಡವೇ ಬೇಡ. ನಮ್ಮಲ್ಲಿ ಅಡ್ಡ ಬಂದದ್ದು ಬಾತ್‌ರೂಮಿನ ಹೊಸ್ತಿಲ ಗ್ರಾನೈಟ್ ಪಟ್ಟಿ. ಎರಡೇ ಇಂಚು ಎತ್ತರ. ಒಗೆದ ನೀರು ಅದನ್ನು ದಾಟಿ ಸರಾಗವಾಗಿ ಹೋಗುತ್ತಿತ್ತು, ಡ್ರೈಯರಿನ ನೀರು ಹೊಸ್ತಿಲ ಈಚೆಗೇ ಉಳಿಯುತ್ತಿತ್ತು. ಶಬ್ದದಲ್ಲೇ ಗೊತ್ತಾಗುತ್ತದೆ. ನೀರು ಹೋಗುತ್ತಿದ್ದರೆ ಬುಟ್ಟಿ ಬರಬರುತ್ತಾ ವೇಗ ಹಿಡಿದು ಒಂದೇ ಸಮ ಗುಂಯ್‌ಗುಡುತ್ತದೆ. ನೀರು ನಿಂತಿದ್ದರೆ ಚಳಪಳ ಅನ್ನುತ್ತಾ ಏದುಸಿರು ಬಿಡುತ್ತದೆ, ವೇಗವೇ ಏರುವುದಿಲ್ಲ. ಹೊರಗೆ ತೆಗೆದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ.

ಇದೇ ದಾರಿಯಲ್ಲಿ ಇರುವವರು ಬೇರೇನೂ ಕೊಳ್ಳುವ ಮೊದಲು ಪೈಪು ಬಿಚ್ಚಿ ನೋಡಿ. ಮಷೀನಿನ ಜೊತೆ ಬರುವ ಗೆರೆಗೆರೆ ಪೈಪಿನ ಒಳಗೆ ನೂಲು, ಕೂದಲು, ಸೋಪಿನ ಗಸಿ ಸೇರಿ ಕಪ್ಪು ಲೋಳೆ ಕಟ್ಟಿಕೊಳ್ಳುತ್ತದೆ. ನಮ್ಮದರಲ್ಲಿ ಒಂದು ಹೇರ್‌ಪಿನ್ನು, ಅದಕ್ಕೆ ಸುತ್ತಿಕೊಂಡ ಟವೆಲ್ಲಿನ ನೂಲಿನ ಉಂಡೆ ಸಿಕ್ಕಿತು. ಒಗೆಯುವ ತೊಟ್ಟಿ ಖಾಲಿ ಮಾಡುವಾಗ ಡ್ರೈಯರಿನ ಒಳಗೆ ನೀರು ಉಕ್ಕಿ ಬಂದರೆ ಪೈಪು ಕಟ್ಟಿಕೊಂಡಿದೆ ಅಥವಾ ಎಲ್ಲೋ ಮಡಚಿಕೊಂಡಿದೆ ಅಂತಲೇ ಅರ್ಥ. ಸರಿಯಾಗಿ ಜಾಲಿಸದ ಬಟ್ಟೆ ಹಾಕಿದರೂ ಇದೇ ಪಾಡು. ನೊರೆ ಬುಟ್ಟಿಯ ಸುತ್ತ ತುಂಬಿಕೊಂಡು ನೀರನ್ನು ಇಳಿಯಲು ಬಿಡುವುದಿಲ್ಲ.

ಬಕೆಟ್ಟಿಗೆ ಪೈಪು ಬಿಡುವುದು ಎರಡನೆಯದು. ಆಸೆ ಒಳ್ಳೆಯದೇ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ, ಗಿಡಗಳಿಗೆ ಬಿಟ್ಟರೆ 5,000 ರೂಪಾಯಿ ದಂಡ ಅಂದಿತಲ್ಲ, ಆಗಿನಿಂದ ನಮ್ಮನೆಯಲ್ಲಿ ಹಿಂಡಿದ ನೀರನ್ನೂ ಚೆಲ್ಲುವುದಿಲ್ಲ. ಬಾಲ್ಕನಿ ತೊಳೆಯಲು, ಟಾಯ್ಲೆಟ್ಟಿಗೆ ಹಾಕಲು ಅದೇ ಸಾಕು. ಆದರೆ ಬಕೆಟ್ಟಿನ ಬಾಯಿ ಡ್ರೈಯರಿನ ತಳಕ್ಕಿಂತ ಎಷ್ಟೋ ಮೇಲಿರುತ್ತದೆ. ನೀರು ಮೇಲೆ ಹತ್ತುವುದೆಲ್ಲಿಂದ ಬಂತು?

ಅದರ ಬದಲು ಗಾರೆ ಕೆಲಸದವರ ಪ್ಲಾಸ್ಟಿಕ್ ಬಾಂಡ್ಲಿ ತಂದೆವು. ಅಗಲ ಜಾಸ್ತಿ, ಆಳ ಕಡಿಮೆ, ಅಂಚು ಹಿಡಿದು ಎತ್ತಲು ಸಲೀಸು. ಹೊಸ್ತಿಲ ಈಚೆಗೇ ಇಡಬಹುದು. ಡ್ರೈಯರಿನ ನೀರಿಗೆ ಮಾತ್ರ ಇದು. ಒಗೆಯುವ ತೊಟ್ಟಿಯ ನೀರು ಬಿಟ್ಟರೆ ನೋಡುನೋಡುತ್ತಲೇ ಹಾಲ್ ತುಂಬ ನೀರು. ಮಷೀನು ನೆಲದ ಮೇಲೇ ಇದ್ದರೆ ಬಾಂಡ್ಲಿ ಅರ್ಧ ತುಂಬುವಷ್ಟರಲ್ಲಿ ಪೈಪಿನ ಹರಿವು ನಿಧಾನವಾಗುತ್ತದೆ. ಆಗ ನಿಲ್ಲಿಸಿ, ಖಾಲಿ ಮಾಡಿ, ಮತ್ತೆ ಶುರು ಮಾಡಬೇಕು. ಡ್ರೈಯರಿಗೆ ಹಾಕುವ ಮುಂಚೆ ಬಟ್ಟೆಯನ್ನು ಕೈಯಲ್ಲಿ ಒಮ್ಮೆ ಹಿಂಡಿದರೆ ಈ ಓಡಾಟ ಕಡಿಮೆ.

ಮೂರನೆಯದು ಪಂಪ್. ಏರ್ ಕೂಲರಿಗೆ ಹಾಕುವ ಪುಟ್ಟ ಸಬ್‌ಮರ್ಸಿಬಲ್ ಪಂಪ್ ಬಾಂಡ್ಲಿಯಲ್ಲಿ ಮುಳುಗಿಸಿ, ಸಣ್ಣ ಪೈಪನ್ನು ಮೇಲೆ ಬಕೆಟ್ಟಿಗೆ ಕೊಟ್ಟೆವು. ಮೊದಲ ದಿನ ಮನೆಯವರೆಲ್ಲ ನಿಂತು ನೋಡಿದರು, ಅಷ್ಟು ಚಂದ ಕೆಲಸ ಮಾಡಿತು. ಬೇಸರ ಶುರುವಾಗಿದ್ದು ಆಮೇಲೆ. ಬಟ್ಟೆಯ ಜೂಲು ಅದರ ಬಾಯಿಗೆ ಬಂದು ಮೆತ್ತಿಕೊಳ್ಳುತ್ತದೆ, ಪ್ರತಿ ಸಲ ತೊಳೆಯಬೇಕು. ತಳದ ಕೊನೆಯ ಪದರ ನೀರನ್ನು ಅದು ಎಳೆಯುವುದಿಲ್ಲ, ನೀರು ಖಾಲಿಯಾದ ಮೇಲೂ ಓಡಿಸಿದರೆ ಕಾದು ಸುಟ್ಟುಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಒದ್ದೆ ನೆಲದ ಮೇಲೆ ಕರೆಂಟಿನ ವೈರು. ಮಕ್ಕಳಿರುವ ಮನೆಯಲ್ಲಿ ನನಗಂತೂ ಧೈರ್ಯ ಬರಲಿಲ್ಲ. ಮಾಡಲೇಬೇಕೆಂದರೆ ಮನೆಗೆ ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗೇ ಆಫ್ ಆಗುವ ಸ್ವಿಚ್ಚು) ಇರಲಿ, ಪ್ಲಗ್ ಕೀಳದೆ ನೀರಿಗೆ ಕೈ ಹಾಕಬೇಡಿ.

ನಡುವೆ ಸೈಫನ್ ಕೂಡ ನೋಡಿದೆವು. ಪೈಪಿನಲ್ಲಿ ನಲ್ಲಿ ನೀರು ತುಂಬಿಸಿ, ಬೆರಳು ಒತ್ತಿ, ತುದಿಯನ್ನು ಜಾಲರಿಯ ಹತ್ತಿರ ಕೆಳಗೆ ಬಿಡುವುದು. ಗಾಳಿ ಹೊಕ್ಕಿತೋ, ಮತ್ತೆ ಮೊದಲಿಂದ. ಅಷ್ಟೊತ್ತಿಗೆ ಮಗ್ಗಿನಲ್ಲಿ ತೋಡಿ ಹಾಕಬಹುದಿತ್ತು.

ಕೊನೆಗೆ ನಿಂತದ್ದು ಮಷೀನನ್ನೇ ಎತ್ತರಿಸುವ ದಾರಿ. ಅಂಗಡಿಯಲ್ಲಿ ಚಕ್ರದ ಸ್ಟ್ಯಾಂಡ್ ಸಿಗುತ್ತದೆ. ಅದನ್ನು ಪಕ್ಕದ ಮನೆಯಿಂದ ತಂದು ಹಾಕಿ ನೋಡಿದೆವು. ಲಾಕ್ ಹಾಕಿದ್ದರೂ ಡ್ರೈಯರ್ ತಿರುಗುವಾಗ ಮಷೀನು ಗೋಡೆ ಬಿಟ್ಟು ನಡೆಯಲು ಶುರು ಮಾಡಿತು. ಹಳೇ ಮಷೀನಿನ ಅದುರುವಿಕೆಗೆ ಚಕ್ರ ಆಗಿಬರುವುದಿಲ್ಲ. ಕಟ್ಟಡ ಕೆಲಸ ನಡೆಯುತ್ತಿದ್ದ ಕಡೆ ಕೇಳಿ ನಾಲ್ಕಿಂಚಿನ ಸಾಲಿಡ್ ಬ್ಲಾಕು ತಂದು ಮಲಗಿಸಿ, ಮೇಲೆ ಹಳೇ ರಬ್ಬರ್ ಮ್ಯಾಟಿನ ತುಂಡು ಹಾಕಿ, ಇಬ್ಬರು ಹಿಡಿದು ಮಷೀನು ಕೂರಿಸಿದೆವು. ನಾಲ್ಕು ಕಾಲೂ ಒಂದೇ ಮಟ್ಟದಲ್ಲಿ ಕೂತಿವೆಯಾ ಅಂತ ನೋಡುವುದು ಮುಖ್ಯ, ಇಲ್ಲದಿದ್ದರೆ ಬುಟ್ಟಿ ಡಬಡಬ ಬಡಿಯುತ್ತದೆ. ಈಗ ಪೈಪು ಮಷೀನಿನಿಂದ ಹೊಸ್ತಿಲಿನವರೆಗೆ ಇಳಿಜಾರಾಗಿಯೇ ಬರುತ್ತದೆ. ಬಾಂಡ್ಲಿ ಇಟ್ಟರೂ ಅಂಚಿನವರೆಗೆ ತುಂಬುತ್ತದೆ. ಓನರ್ ಆಂಟಿ ನೋಡಿ, "ಏನಮ್ಮಾ, ಮಷೀನಿಗೂ ಜಗಲಿ ಕಟ್ಟಿಸಿದ್ದೀರಾ?" ಅಂದರು.

ಇದಕ್ಕೂ ಒಂದು ಕುಂದು ಇದೆ. ನಮ್ಮತ್ತೆ ಕುಳ್ಳಗಿದ್ದಾರೆ, ಬುಟ್ಟಿಯ ತಳದಲ್ಲಿ ಸಿಕ್ಕಿಕೊಂಡ ಕಾಲುಚೀಲ ಅವರ ಕೈಗೆ ಎಟಕುವುದಿಲ್ಲ. ಒಂದು ಮಣೆ ಇಟ್ಟುಕೊಂಡಿದ್ದಾರೆ. ಮಣೆ ಹತ್ತಿ ಬಗ್ಗುವುದು ವಯಸ್ಸಾದವರಿಗೆ ಒಳ್ಳೆಯದಲ್ಲ, ಹಾಗಾಗಿ ಆ ಕೆಲಸ ಈಗ ನನ್ನ ಪಾಲಿಗೆ.

ನಮ್ಮನೆಯಲ್ಲಿ ಈಗ ಬ್ಲಾಕು ಮತ್ತು ಬಾಂಡ್ಲಿ ಎರಡೂ ಜೊತೆಗೆ ನಡೆಯುತ್ತಿವೆ, ಪಂಪ್ ಕೂಲರಿಗೆ ಹೋಯಿತು. ಹೊಸ್ತಿಲು ಇಲ್ಲದ ಮನೆಯವರು ಪೈಪು ತೊಳೆದು ಸುಮ್ಮನಿರಿ. ಆದರೆ ನೀರು ಪೈಪಿನಲ್ಲಿ ಬರದೆ ಮಷೀನಿನ ಅಡಿಯಿಂದ, ಡ್ರೈಯರಿನ ಮೋಟರಿನ ಹತ್ತಿರ ತೊಟ್ಟಿಕ್ಕುತ್ತಿದ್ದರೆ ಇದ್ಯಾವುದೂ ಬೇಡ. ಬುಟ್ಟಿಯ ದಂಡ ಇಳಿಯುವ ಕಡೆ ಇರುವ ರಬ್ಬರ್ ಸೀಲ್ ಹೋಗಿರುತ್ತದೆ. ಪ್ಲಗ್ ಕಿತ್ತು, ಮೆಕ್ಯಾನಿಕ್‌ಗೆ ಫೋನ್ ಮಾಡಿ.